ಮನೆಯ ವಿಡಿಯೋ ಸಂಗ್ರಹವೂ ನಮ್ಮ ಹೊಣೆಯೂ

ಮನೆಯ ಬೆಳ್ಳಿಬಂಗಾರವನ್ನು ಯಾರಾದರೂ ಕದ್ದೊಯ್ದರೆ ಆ ಸುದ್ದಿ ಅಂದೇ ಊರಿಗೆಲ್ಲ ತಿಳಿಯುವುದು. ನೆರೆಹೊರೆಯವರು ಸೇರುವರು, ಪೋಲೀಸಿನವರು ಬರುವರು. ಆದರೆ ಬೀಗ ಮುರಿಯದೆ, ಸದ್ದು ಮಾಡದೆ, ವರುಷ ವರುಷವೂ ಸ್ವಲ್ಪ ಸ್ವಲ್ಪವಾಗಿ ಕಳವಾಗುತ್ತಿರುವ ಸೊತ್ತೊಂದು ನಮ್ಮಲ್ಲಿ ಅನೇಕರ ಮನೆಗಳಲ್ಲಿದೆ. ಕಪಾಟಿನ ಮೇಲಿನ ಹಲಗೆಯಲ್ಲಿ, ಹಳೆಯ ಲಗ್ನಪತ್ರಿಕೆಗಳ ಹಿಂದೆ, ಪುಸ್ತಕಗಳಂತೆ ನಿಂತಿರುವ ಆ ಕಪ್ಪು ಪೆಟ್ಟಿಗೆಗಳನ್ನು ಕುರಿತು ನಾವು ಹೇಳುತ್ತಿರುವೆವು. ಮದುವೆ, ನಾಮಕರಣ, ಮನೆಯೊಕ್ಕಲು, ಶಾಲೆಯ ವಾರ್ಷಿಕೋತ್ಸವ ಮೊದಲಾದುವುಗಳ ವಿಡಿಯೋ ಕ್ಯಾಸೆಟ್ಟುಗಳೇ ಅವು. ಅವನ್ನು ಕಾಪಾಡುವ ಬಗೆ ಯಾವುದು, ಕಾಪಾಡತಕ್ಕವರು ಯಾರು ಎಂಬುದನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದಿಡುವುದು ಈ ಸಂಚಿಕೆಯಲ್ಲಿ ಅಪ್ರಸ್ತುತವಾಗಲಾರದೆಂದು ನಂಬುತ್ತೇವೆ.

ಕಳೆದ ದಸರಾ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ನಮ್ಮನ್ನು ಕಾಣಲು ಬಂದರು. ಅವರ ಕೈಯಲ್ಲಿ ಒಂದು ಕ್ಯಾಸೆಟ್ಟಿತ್ತು. ಅದರ ಬೆನ್ನಿನ ಚೀಟಿಯಲ್ಲಿ ದುಂಡಾದ ಅಕ್ಷರಗಳಲ್ಲಿ "ಮದುವೆ – 1987" ಎಂದು ಬರೆದಿತ್ತು. ಬರೆದವರು ಅವರ ತಾಯಿ. ಆ ತಾಯಿ ತೀರಿಕೊಂಡು ಇಪ್ಪತ್ತು ವರುಷಗಳಾಗಿದ್ದುವು. ಮದುವೆಯ ದಿನ ಅಮ್ಮನು ಹೆಂಗಸರ ಜೊತೆ ಕುಳಿತು ಸೋಬಾನೆ ಹಾಡಿದ್ದು ಅದರಲ್ಲಿರುವುದೆಂದೂ, ತಮ್ಮ ಮಗಳು ಅಜ್ಜಿಯ ಸ್ವರವನ್ನು ಒಮ್ಮೆಯೂ ಕೇಳಿಲ್ಲವೆಂದೂ, ಅದನ್ನು ಕೇಳಿಸಬೇಕೆಂಬ ಆಸೆಯೆಂದೂ ಅವರು ಹೇಳಿದರು. ಮನೆಯಲ್ಲಿದ್ದ ಯಂತ್ರವು ಎಂದೋ ಗುಜರಿಗೆ ಹೋಗಿತ್ತು. ಪೇಟೆಯ ಅಂಗಡಿಯೊಂದರಲ್ಲಿ, "ಕೊಡಿ ಅಮ್ಮಾ, ಪೆನ್ ಡ್ರೈವಿಗೆ ಹಾಕಿಕೊಡುತ್ತೇವೆ" ಎಂದರಂತೆ. ಆದರೆ ಕ್ಯಾಸೆಟ್ಟಿನೊಳಗೆ ಬೂಷ್ಟು ಹಿಡಿದಿರುವುದನ್ನು ನೋಡದೆ ಅದನ್ನು ಹಾಗೆಯೇ ಯಂತ್ರಕ್ಕೆ ತುರುಕಿದರು. ಟೇಪು ಸಿಕ್ಕಿಕೊಂಡು ನುಲಿದು ಹರಿಯಿತು.

ಆಮೇಲೆ ಕಸುಬು ಬಲ್ಲ ಮತ್ತೊಬ್ಬರು ಪೆಟ್ಟಿಗೆಯ ಸ್ಕ್ರೂಗಳನ್ನು ಬಿಚ್ಚಿ, ಸುರುಳಿಗಳನ್ನು ಹೊರತೆಗೆದು, ಬೂಷ್ಟನ್ನು ಒರೆಸಿ, ಹರಿದ ತುದಿಗಳನ್ನು ಜೋಡಿಸಿ, ಬೇರೊಂದು ಪೆಟ್ಟಿಗೆಯಲ್ಲಿಟ್ಟು ಓಡಿಸಿದರು. ಮೂರು ಗಂಟೆಯ ಮದುವೆಯಲ್ಲಿ ನಲವತ್ತು ನಿಮಿಷಗಳು ಮಾತ್ರ ದೊರೆತುವು. ಸೋಬಾನೆ ಅದರಲ್ಲಿರಲಿಲ್ಲ. ಒಂದೆಡೆ ಮಾತ್ರ, ಚಪ್ಪರದ ಮೂಲೆಯಿಂದ ಆ ತಾಯಿ ಯಾರನ್ನೋ ಕರೆದು, "ಅಡಿಗೆಯವರ ಊಟವಾಯಿತೇ?" ಎಂದು ಕೇಳಿದ್ದು ಸ್ಪಷ್ಟವಾಗಿ ಉಳಿದಿತ್ತು. ನಮ್ಮ ವಿದ್ಯಾರ್ಥಿನಿಯು ಆ ಮಾತನ್ನು ನಾಲ್ಕಾರು ಸಲ ಕೇಳಿ, "ಅಮ್ಮ ಯಾವಾಗಲೂ ಹಾಗೆಯೇ; ತಾವು ಉಣ್ಣುವ ಮುಂಚೆ ಅದನ್ನು ಕೇಳುವರು" ಎಂದು ಕಣ್ಣೊರೆಸಿಕೊಂಡರು. ಮೊಮ್ಮಗಳಿಗೆ ಅಜ್ಜಿಯ ಹಾಡು ದೊರೆಯಲಿಲ್ಲ. ಅಜ್ಜಿಯ ಗುಣವು ದೊರೆಯಿತು. ಐದು ವರುಷ ಮೊದಲೇ ಈ ಕೆಲಸವನ್ನು ಮಾಡಿದ್ದರೆ ಎರಡೂ ದೊರೆಯುತ್ತಿದ್ದುವೇನೋ! ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಈ ನಮ್ಮ ರೂಢಿಯೇ ಇಂದಿನ ಲೇಖನಕ್ಕೆ ಕಾರಣ.

ಈ ಯಂತ್ರಗಳು ಬಂದುಹೋದ ಕಥೆಯನ್ನು ಸಂಕ್ಷೇಪವಾಗಿ ಹೇಳುವೆವು. ಮೊದಲು ಬಂದುದು ಫಿಲ್ಮು. ಅಮೆರಿಕೆಯ ಕೊಡಾಕ್ ಕಂಪನಿಯವರು 1932ರಲ್ಲಿ ಎಂಟು ಮಿಲಿಮೀಟರಿನ ಮನೆಬಳಕೆಯ ಫಿಲ್ಮನ್ನೂ 1965ರಲ್ಲಿ ಸೂಪರ್ ಎಂಟು ಎಂಬುದನ್ನೂ ಹೊರತಂದರು. ನಮ್ಮ ಕಡೆಯಲ್ಲಿ ಅದನ್ನು ಕೊಳ್ಳಬಲ್ಲ ಮನೆಗಳು ಬೆರಳೆಣಿಕೆಯಷ್ಟಾಗಿದ್ದುವು. 1975ರಲ್ಲಿ ಜಪಾನಿನ ಸೋನಿ ಕಂಪನಿಯವರು ಬೀಟಾಮ್ಯಾಕ್ಸ್ ಎಂಬ ಕ್ಯಾಸೆಟ್ಟನ್ನು ತಂದರು. ಮರುವರುಷವೇ ಜೆ.ವಿ.ಸಿ. ಎಂಬವರು ವಿ.ಎಚ್.ಎಸ್. ಎಂಬುದನ್ನು ತಂದರು. ಮೊದಲಿನದರಲ್ಲಿ ಆರಂಭಕ್ಕೆ ಒಂದು ಗಂಟೆಯಷ್ಟೇ ಹಿಡಿಯುತ್ತಿತ್ತು; ಎರಡನೆಯದರಲ್ಲಿ ಎರಡು ಗಂಟೆ. ಅಲ್ಲದೆ ಜೆ.ವಿ.ಸಿ.ಯವರು ಅನೇಕ ಕಂಪನಿಗಳಿಗೆ ಅದನ್ನು ತಯಾರಿಸುವ ಅಪ್ಪಣೆಯನ್ನು ಕೊಟ್ಟರು. ಚಿತ್ರದ ಅಂದದಲ್ಲಿ ಬೀಟಾಮ್ಯಾಕ್ಸ್ ಮೇಲೆಂದು ಬಹುಮಂದಿ ಹೇಳಿದರೂ ಪೇಟೆಯು ಅಗ್ಗವಾದುದನ್ನೂ ಹೆಚ್ಚು ಹೊತ್ತು ಓಡುವುದನ್ನೂ ಆರಿಸಿಕೊಂಡಿತು. 1988ರಲ್ಲಿ ಸೋನಿಯವರೇ ವಿ.ಎಚ್.ಎಸ್. ಯಂತ್ರಗಳನ್ನು ತಯಾರಿಸತೊಡಗಿದರು. ಇದಕ್ಕಿಂತ ದೊಡ್ಡ ಸೋಲಿನ ಒಪ್ಪಿಗೆ ಯಾವುದಿದೆ?

ನಮ್ಮ ದೇಶದಲ್ಲಿ 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳ ಕಾಲಕ್ಕೆ ಬಣ್ಣದ ಟೆಲಿವಿಷನ್ ಬಂದಿತು. ಅದೇ ಕಾಲದಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿದ್ದ ಕರಾವಳಿಯ ಮಕ್ಕಳು ರಜೆಗೆ ಮರಳುವಾಗ ವಿ.ಸಿ.ಆರ್. ಎಂಬ ಯಂತ್ರವನ್ನು ಹೊತ್ತು ತಂದರು. ಬೀದಿಗೊಂದು ವಿಡಿಯೋ ಲೈಬ್ರರಿ ಹುಟ್ಟಿಕೊಂಡಿತು. ಮದುವೆಯ ಮಂಟಪದಲ್ಲಿ ಪುರೋಹಿತರಿಗಿಂತಲೂ ಪಾದ್ರಿಗಳಿಗಿಂತಲೂ ವಿಡಿಯೋದವನ ಮಾತು ಹೆಚ್ಚು ನಡೆಯತೊಡಗಿತು. ಮಗನು ಊರಿಗೆ ಬರಲಾರದೆ ತಂಗಿಯ ಮದುವೆಯನ್ನು ಕ್ಯಾಸೆಟ್ಟಿನಲ್ಲೇ ನೋಡಿ ಕಣ್ಣೀರು ಸುರಿಸಿದ ಮನೆಗಳೆಷ್ಟಿಲ್ಲ! ಆದರೆ ಅಮೆರಿಕೆಯಲ್ಲಿದ್ದವರಿಗೆ ಆ ಭಾಗ್ಯವೂ ಸುಲಭವಾಗಿರಲಿಲ್ಲ. ನಮ್ಮ ದೇಶದ ಕ್ಯಾಸೆಟ್ಟುಗಳು 625 ಗೆರೆಗಳ ಪಾಲ್ ಪದ್ಧತಿಯವು. ಅಲ್ಲಿಯ ಯಂತ್ರಗಳು 525 ಗೆರೆಗಳ ಎನ್.ಟಿ.ಎಸ್.ಸಿ. ಪದ್ಧತಿಯವು. ಪೆಟ್ಟಿಗೆ ಒಂದೇ, ಟೇಪು ಒಂದೇ. ಆದರೂ ಇಲ್ಲಿಯದು ಅಲ್ಲಿಯ ಸಾಮಾನ್ಯ ಯಂತ್ರದಲ್ಲಿ ಸರಿಯಾಗಿ ಕಾಣದು. ಅಟ್ಟದಲ್ಲಿ "ಕೆಟ್ಟುಹೋಗಿದೆ" ಎಂದು ಬಿಸುಟ ಪರದೇಶದ ಕ್ಯಾಸೆಟ್ಟುಗಳಲ್ಲಿ ಕೆಲವು ಕೆಟ್ಟಿರಲಿಕ್ಕಿಲ್ಲ, ಪದ್ಧತಿ ಬೇರೆಯಾಗಿರಬಹುದಷ್ಟೇ ಎಂಬುದನ್ನು ವಾಚಕರು ಗಮನಿಸಬೇಕು.

ಅನಂತರದ ಬದಲಾವಣೆಗಳು ಒಂದರ ಬೆನ್ನ ಮೇಲೊಂದು ಬಂದುವು. 1985ರಲ್ಲಿ ಅಂಗೈಯಗಲದ ಎಂಟು ಮಿಲಿಮೀಟರಿನ ವಿಡಿಯೋ ಕ್ಯಾಸೆಟ್ಟು. 1995ರಲ್ಲಿ ಅದಕ್ಕಿಂತಲೂ ಚಿಕ್ಕದಾದ ಮಿನಿ ಡಿ.ವಿ.; 1993ರಲ್ಲಿ ನಿಯಮಗೊಂಡು ಏಷ್ಯದಲ್ಲೆಲ್ಲ ಹಬ್ಬಿದ ವಿ.ಸಿ.ಡಿ.; 1996ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿ.ವಿ.ಡಿ. ವಿ.ಸಿ.ಡಿ.ಯಲ್ಲಿ ಸುಮಾರು 74 ನಿಮಿಷಗಳಷ್ಟೇ ಹಿಡಿಯುತ್ತಿದ್ದುದರಿಂದ ಒಂದು ಸಿನಿಮಾ ನೋಡಲು ನಡುವೆ ಎದ್ದು ಡಿಸ್ಕನ್ನು ಬದಲಿಸುತ್ತಿದ್ದುದು ಅನೇಕರಿಗೆ ನೆನಪಿರಬಹುದು. 2006ರಲ್ಲಿ ಬ್ಲೂ-ರೇ ಮತ್ತು ಎಚ್.ಡಿ. ಡಿ.ವಿ.ಡಿ. ಎಂಬ ಎರಡು ಡಿಸ್ಕುಗಳು ಮತ್ತೆ ಹಳೆಯ ಜಗಳವನ್ನೇ ಆಡಿದುವು. 2008ರ ಫೆಬ್ರವರಿಯಲ್ಲಿ ತೋಷಿಬಾ ಕಂಪನಿಯವರು ಎರಡನೆಯದನ್ನು ಕೈಬಿಟ್ಟರು.

ಇನ್ನು ಹೋದುವುಗಳ ಲೆಕ್ಕ. ಬೀಟಾಮ್ಯಾಕ್ಸ್ ಕ್ಯಾಸೆಟ್ಟುಗಳ ಮಾರಾಟವು 2016ರ ಮಾರ್ಚಿನಲ್ಲಿ ನಿಂತಿತು. ಲೋಕದಲ್ಲಿ ಕೊನೆಯದಾಗಿ ವಿ.ಎಚ್.ಎಸ್. ಯಂತ್ರಗಳನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯವರು ಅದೇ ವರುಷದ ಜುಲೈಯಲ್ಲಿ ಆ ಕೆಲಸವನ್ನು ನಿಲ್ಲಿಸಿದರು. ಅಂಚೆಯಲ್ಲಿ ಡಿಸ್ಕುಗಳನ್ನು ಬಾಡಿಗೆಗೆ ಕಳುಹಿಸುತ್ತ ಬೆಳೆದ ಅಮೆರಿಕೆಯ ನೆಟ್‌ಫ್ಲಿಕ್ಸ್ ಕಂಪನಿಯವರು 2023ರ ಸೆಪ್ಟೆಂಬರಿನಲ್ಲಿ ಆ ಸೇವೆಯನ್ನು ಮುಚ್ಚಿದರು. 2025ರ ಫೆಬ್ರವರಿಯಲ್ಲಿ ಸೋನಿಯವರು ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ಜೊತೆಗೆ ಮಿನಿ ಡಿ.ವಿ. ಕ್ಯಾಸೆಟ್ಟುಗಳ ತಯಾರಿಕೆಯನ್ನೂ ಮುಗಿಸಿದರು.

ಈ ಕಥೆಯಿಂದ ಕಲಿಯತಕ್ಕ ಪಾಠವೊಂದಿದೆ. ಚಿತ್ರವಿರುವ ಟೇಪು ಸಾಯುವ ಮುಂಚೆಯೇ ಅದನ್ನು ಓದುವ ಯಂತ್ರವು ಸಾಯುತ್ತದೆ. ಪುಸ್ತಕಕ್ಕೆ ಕಣ್ಣೊಂದಿದ್ದರೆ ಸಾಕು. ಕ್ಯಾಸೆಟ್ಟಿಗೆ ಯಂತ್ರ ಬೇಕು, ಯಂತ್ರಕ್ಕೆ ಬಿಡಿಭಾಗ ಬೇಕು, ಬಿಡಿಭಾಗ ಹಾಕಬಲ್ಲ ಕುಶಲಿ ಬೇಕು. ಈ ಮೂವರಲ್ಲಿ ಕುಶಲಿಯೇ ಇಂದು ಎಲ್ಲರಿಗಿಂತ ದುರ್ಲಭನು, ಅವನಿಗೂ ವಯಸ್ಸಾಗುತ್ತಿದೆ.

ಟೇಪಿಗಾದರೂ ಆಯುಸ್ಸು ಅಪಾರವೇ? ಅದೂ ಅಲ್ಲ. ತೆಳುವಾದ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಅಯಸ್ಕಾಂತಗುಣವುಳ್ಳ ಪುಡಿಯನ್ನು ಒಂದು ಬಗೆಯ ಅಂಟಿನಿಂದ ಲೇಪಿಸಿ ಟೇಪನ್ನು ಮಾಡುವರು. ಗಾಳಿಯ ತೇವವನ್ನು ಕುಡಿದು ಆ ಅಂಟು ಮೆಲ್ಲನೆ ಸಡಿಲಾಗುವುದು, ಟೇಪು ಜಿಗುಟಾಗುವುದು, ಪುಡಿಯು ಉದುರುವುದು. ಒಣಗಾಳಿ ಮತ್ತು ತಂಪು ಇರುವ ಕೋಣೆಯೇ ಅದಕ್ಕೆ ಹಿತ. ನಮ್ಮ ಕರಾವಳಿಯಲ್ಲಾದರೋ ಮಳೆಗಾಲದಲ್ಲಿ ಗಾಳಿಯ ತೇವವು ಶೇಕಡ 80ಕ್ಕೂ ಮೇಲೇರುವುದು. ಹಪ್ಪಳದ ಡಬ್ಬಿಗೂ ಪಾದರಕ್ಷೆಗೂ ಬೂಷ್ಟು ಹಿಡಿಯುವಲ್ಲಿ ಕ್ಯಾಸೆಟ್ಟು ಪಾರಾಗುವುದೆಂತು? ಅಂಗಡಿಯಲ್ಲಿ ಬರೆಸಿಕೊಂಡ ಡಿ.ವಿ.ಡಿ.ಗಳನ್ನೂ ಶಾಶ್ವತವೆಂದು ನಂಬಬಾರದು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿನಿಮಾ ಡಿಸ್ಕಿನಲ್ಲಿ ಕುಳಿಗಳನ್ನು ಒತ್ತಿರುತ್ತಾರೆ. ಬರೆಸಿಕೊಂಡ ಡಿಸ್ಕಿನಲ್ಲಿ ಇರುವುದು ಬಣ್ಣದ ಒಂದು ಪದರ. ಬಿಸಿಲಿಗೂ ಸೆಕೆಗೂ ಅದು ಮಾಸುವುದು. ಮದುವೆಯ ಡಿಸ್ಕನ್ನು ಕಿಟಕಿಯ ಬಳಿ ಅಲಂಕಾರಕ್ಕಿಟ್ಟವರು ಇದನ್ನು ಮರೆಯಬಾರದು.

ಇಷ್ಟೆಲ್ಲ ತೊಂದರೆಯೇಕೆ, ಹೋದುದು ಹೋಯಿತು, ಇರುವ ಮಕ್ಕಳನ್ನು ನೋಡಿಕೊಳ್ಳೋಣ ಎನ್ನುವವರೂ ಉಂಟು. ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ಆದುದರಿಂದ ಅದನ್ನು ನಾವು ಹಾಸ್ಯಮಾಡಲಾರೆವು. ಮೂರು ಗಂಟೆಯ ಮದುವೆಯಲ್ಲಿ ಎರಡೂವರೆ ಗಂಟೆ ಊಟದ ಪಂಕ್ತಿಯೂ, ಸಿನಿಮಾ ಹಾಡಿನ ಮೇಲೆ ಹಾರುವ ಹೂವುಗಳೂ ಆಗಿರುವುದುಂಟು. ಎಲ್ಲವನ್ನೂ ಕೂಡಿಡುವುದು ಸಂಗ್ರಹವಲ್ಲ, ರಾಶಿ. ಆದರೆ ಯಾವುದು ಬೇಕು, ಯಾವುದು ಬೇಡ ಎಂಬುದನ್ನು ನಾವು ನೋಡಿ ತೀರ್ಮಾನಿಸುವುದು ಬೇರೆ. ಬೂಷ್ಟಿಗೆ ಆ ತೀರ್ಮಾನವನ್ನು ಒಪ್ಪಿಸುವುದು ಬೇರೆ. ಕನ್ನಡದ ಮೊದಲನೆಯ ವಾಕ್ಚಿತ್ರವಾದ ಸತಿ ಸುಲೋಚನ 1934ರಲ್ಲಿ ತೆರೆಕಂಡಿತು; ಅದರ ಒಂದು ಪ್ರತಿಯೂ ಇಂದು ನಮಗೆ ಉಳಿದಿಲ್ಲ. ಸಾವಿರಾರು ಮಂದಿ ನೋಡಿ ಮೆಚ್ಚಿದ ಚಿತ್ರಕ್ಕೇ ಈ ಗತಿಯಾದರೆ, ಲೋಕದಲ್ಲಿ ಒಂದೇ ಪ್ರತಿಯಿರುವ ನಮ್ಮ ಮನೆಯ ಕ್ಯಾಸೆಟ್ಟಿನ ಗತಿಯೇನು?

"ಈಗ ಎಲ್ಲವೂ ಫೋನಿನಲ್ಲೇ ಇದೆಯಲ್ಲ" ಎಂಬುದು ಕಿರಿಯರ ಉತ್ತರ. ಫೋನು ನೀರಿಗೆ ಬೀಳುವುದು, ಕಳವಾಗುವುದು, ಮೂರು ವರುಷಕ್ಕೊಮ್ಮೆ ಬದಲಾಗುವುದು. ಅಂತರ್ಜಾಲದ ಖಾತೆಯಲ್ಲಿ ಇಟ್ಟಿರುವೆವೆಂದರೆ, ಅದರ ಗುಪ್ತಪದವನ್ನು ಒಬ್ಬರೇ ಬಲ್ಲರು. ಬಾಡಿಗೆ ನಿಂತರೆ ಆ ಮನೆಯೂ ನಿಲ್ಲದು. ಹಿಂದಿನವರು ಎರಡು ಕ್ಯಾಸೆಟ್ಟು ಕಳೆದುಕೊಂಡರೆ ನಾವು ಎರಡು ಸಾವಿರ ಚಿತ್ರಗಳನ್ನು ಒಂದೇ ಏಟಿಗೆ ಕಳೆದುಕೊಳ್ಳಬಲ್ಲೆವು. ಇಷ್ಟೇ ನಾವು ಸಾಧಿಸಿರುವ ಪ್ರಗತಿ.

ಹಾಗಾದರೆ ಮಾಡತಕ್ಕದ್ದೇನು? ಪ್ರತಿ ಮಾಡುವುದು, ಮತ್ತೆ ಪ್ರತಿ ಮಾಡುವುದು. ಇದು ಹೊಸ ವಿದ್ಯೆಯೇನೂ ಅಲ್ಲ. ಹತ್ತನೆಯ ಶತಮಾನದಲ್ಲಿ ನಮ್ಮ ನಾಡಿನ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಗಳ ಮೇಲೆ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಓಲೆಯು ಹುಳು ತಿಂದು ಹೋಗತಕ್ಕ ವಸ್ತುವೆಂದು ಆಕೆ ಬಲ್ಲಳು. ಆದುದರಿಂದ ಒಂದು ಓಲೆಯನ್ನು ಬಂಗಾರದ ಪೆಟ್ಟಿಗೆಯಲ್ಲಿಡಲಿಲ್ಲ, ಸಾವಿರ ಕಡೆಯಲ್ಲಿಟ್ಟಳು. ಸಾವಿರ ವರುಷದ ಹಿಂದೆ ಒಬ್ಬ ಹೆಣ್ಣುಮಗಳು ಅರಿತ ಈ ಮರ್ಮವನ್ನು ಓದುಬರಹ ಬಲ್ಲ ನಮ್ಮ ಹೆಣ್ಣುಮಕ್ಕಳು ಅರಿಯಲಾರರೇ?

ಕೆಲಸದ ಕ್ರಮವನ್ನು ಹೇಳುವೆವು. ಮೊದಲು ಎಲ್ಲ ಕ್ಯಾಸೆಟ್ಟುಗಳನ್ನೂ ಹೊರತೆಗೆದು, ಕಿಟಕಿಯಂತಿರುವ ಭಾಗದಲ್ಲಿ ಬೆಳಕು ಹಿಡಿದು ನೋಡಬೇಕು. ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡರೆ ಅದನ್ನು ಬೇರೆಯಾಗಿಡಬೇಕು, ಯಂತ್ರಕ್ಕೆ ಹಾಕಲೇಬಾರದು. ಹಾಕಿದರೆ ಅದೂ ಕೆಡುವುದು, ಯಂತ್ರವೂ ಕೊಳೆಯಾಗುವುದು, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಬೂಷ್ಟು ಹರಡುವುದು. ಎರಡನೆಯದಾಗಿ, ಚೀಟಿ ಅಂಟಿಸುವ ಬದಿಯ ಅಂಚಿನಲ್ಲಿರುವ ಚಿಕ್ಕ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಡಬೇಕು. ಅದು ಮುರಿದಿದ್ದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೇನನ್ನೂ ತುಂಬಿಸಲಾಗದು. ಈ ಹಲ್ಲನ್ನು ಮುರಿಯದೆ ಬಿಟ್ಟುದರಿಂದ ಎಷ್ಟು ಮದುವೆಗಳ ಮೇಲೆ ಕ್ರಿಕೆಟ್ ಪಂದ್ಯವೂ ಭಾನುವಾರದ ಧಾರಾವಾಹಿಯೂ ಹತ್ತಿ ಕುಳಿತುವೋ ದೇವರೇ ಬಲ್ಲನು!

ಮೂರನೆಯದು, ಪ್ರತಿ ಮಾಡಿಸುವುದು. ಟೇಪು ಓಡಿದಷ್ಟು ಹೊತ್ತೂ ಪ್ರತಿಯಾಗಬೇಕು. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆ ಬೇಕೇ ಬೇಕು. ಹತ್ತು ಕ್ಯಾಸೆಟ್ಟುಗಳನ್ನು ಒಂದು ಗಂಟೆಯಲ್ಲಿ ಮಾಡಿಕೊಡುವೆನೆಂದವನನ್ನು ನಂಬದಿರುವುದೇ ಲೇಸು. ಕೊಡುವ ಮುಂಚೆ, "ಯಂತ್ರವನ್ನು ಶುಚಿಮಾಡುವಿರೋ? ಬೂಷ್ಟಿದ್ದರೆ ಏನು ಮಾಡುವಿರಿ? ಹಾಡು ಸೇರಿಸಿ ಕತ್ತರಿಸದೆ ಇದ್ದುದನ್ನು ಇದ್ದಂತೆಯೇ ಕೊಡುವಿರೋ?" ಎಂದು ಕೇಳತಕ್ಕದ್ದು. ಎಲ್ಲವನ್ನೂ ಒಟ್ಟಿಗೆ ಕೊಡದೆ ಮೊದಲು ಅಷ್ಟು ಮುಖ್ಯವಲ್ಲದ ಒಂದನ್ನು ಕೊಟ್ಟು ನೋಡುವುದು ಜಾಣತನ. ಮಿನಿ ಡಿ.ವಿ. ಕ್ಯಾಸೆಟ್ಟುಗಳಲ್ಲಿ ಚಿತ್ರವು ಅಂಕಿಗಳ ರೂಪದಲ್ಲೇ ಇರುವುದರಿಂದ ಒಳ್ಳೆಯ ತಂತಿಯ ಮೂಲಕ ತೆಗೆದರೆ ಚೂರೂ ಕುಂದದ ಪ್ರತಿ ದೊರೆಯುವುದು. ಗಂಟೆಗೆ ಸುಮಾರು 13 ಗಿಗಾಬೈಟುಗಳಷ್ಟು ಸ್ಥಳ ಬೇಕಾಗುವುದು. ಪ್ರತಿಯಾದ ಮೇಲೆ ಹಳೆಯ ಕ್ಯಾಸೆಟ್ಟನ್ನು ಬಿಸಾಡಬಾರದು. ಪೂರ್ತಿ ಸುತ್ತಿ, ಪೆಟ್ಟಿಗೆಯೊಳಗಿಟ್ಟು, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ನೆಲದಿಂದ ಮೇಲೆ, ಸ್ಪೀಕರುಗಳಿಂದಲೂ ತೇವದ ಗೋಡೆಯಿಂದಲೂ ದೂರವಾಗಿ ಇಡಬೇಕು. ಡಿಸ್ಕುಗಳನ್ನು ಅಂಚಿನಲ್ಲಿ ಹಿಡಿದು, ನಡುವಿನಿಂದ ಹೊರಗಡೆಗೆ ನೇರವಾಗಿ ಒರೆಸಿ, ಕತ್ತಲೆಯಲ್ಲಿಡಬೇಕು.

ನಾಲ್ಕನೆಯದು, ಮೂರು ಪ್ರತಿಗಳ ನಿಯಮ. ಪ್ರತಿಗಳು ಮೂರಿರಬೇಕು; ಅವು ಎರಡು ಬಗೆಯ ಸಾಧನಗಳಲ್ಲಿರಬೇಕು; ಒಂದಾದರೂ ಬೇರೆ ಮನೆಯಲ್ಲಿರಬೇಕು. ಒಂದನ್ನು ಮನೆಯ ಕಂಪ್ಯೂಟರಿನಲ್ಲಿಯೂ, ಇನ್ನೊಂದನ್ನು ಅಂತರ್ಜಾಲದ ಖಾತೆಯಲ್ಲಿಯೂ, ಮತ್ತೊಂದನ್ನು ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿ ಬೇರೆ ಊರಿನಲ್ಲಿರುವ ಅಕ್ಕನ ಅಥವಾ ತಂಗಿಯ ಮನೆಯಲ್ಲಿಯೂ ಇಡಬಹುದು. ನೆರೆ ಬಂದರೆ ಎರಡು ಊರಿಗೂ ಒಂದೇ ದಿನ ಬಾರದು. ಪೆನ್ ಡ್ರೈವನ್ನು ಕೊಂಡೊಯ್ಯಲು ಬಳಸಬಹುದೇ ಹೊರತು ಹಲವು ವರುಷ ಕೂಡಿಡಲು ಬಳಸಬಾರದು. ಬಹುಕಾಲ ವಿದ್ಯುತ್ತಿಲ್ಲದೆ ಬಿದ್ದಿದ್ದರೆ ಅದು ತನ್ನಲ್ಲಿದ್ದುದನ್ನು ಮರೆಯಬಲ್ಲದು. ವರುಷಕ್ಕೊಂದು ದಿನವನ್ನು ಗೊತ್ತುಮಾಡಿ ಎಲ್ಲವನ್ನೂ ತೆರೆದು ನೋಡಬೇಕು. ನಾಲ್ಕೈದು ವರುಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸಬೇಕು. ಇದು ವ್ರತದಂತೆ ನಡೆಯತಕ್ಕ ಕೆಲಸ. ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ.

ಐದನೆಯದಾಗಿ ಹೇಳುವುದು ಎಲ್ಲಕ್ಕಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ. ಮೇಲೆ ಹೇಳಿದ ನಲವತ್ತು ನಿಮಿಷಗಳಲ್ಲಿ ನೀಲಿ ಸೀರೆಯುಟ್ಟ ಹೆಂಗಸೊಬ್ಬರು ಮದುಮಗಳ ಮುಡಿಗೆ ಹೂ ಮುಡಿಸುತ್ತಿದ್ದರು. ಅವರು ಯಾರೆಂದು ಮದುಮಗಳೇ ಮರೆತಿದ್ದರು, ಬಲ್ಲವರು ಉಳಿದಿರಲಿಲ್ಲ. ಚಿತ್ರವು ಉಳಿದು ಹೆಸರು ಹೋದರೆ ಉಳಿದುದು ಅರ್ಧ ಮಾತ್ರ. ಯಂತ್ರವು ಮುಖವನ್ನು ಕಾಪಾಡೀತು. ಸಂಬಂಧವನ್ನು ಕಾಪಾಡತಕ್ಕವರು ಮನೆಯ ಹಿರಿಯರು. ಇವಳು ಯಾರ ಮಗಳು, ಯಾವ ಮನೆಗೆ ಕೊಟ್ಟುದು, ಯಾರ ಜೊತೆ ಮಾತು ಬಿಟ್ಟಿದ್ದಳು ಎಂಬ ಮನೆತನದ ಚರಿತ್ರೆಯನ್ನು ಬಾಯಿಪಾಠವಾಗಿ ಬಲ್ಲವರು ನಮ್ಮ ಅಜ್ಜಿಯರೂ ಅತ್ತೆಯರೂ ಚಿಕ್ಕಮ್ಮಂದಿರೂ. ಅವರನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ, ಯಾರು ಯಾರೆಂದು ಕೇಳಿ, ಒಂದು ನೋಟು ಪುಸ್ತಕದಲ್ಲಿ ಶಾಯಿಯಿಂದ ಬರೆದಿಡಿರಿ. ಇಸವಿಯನ್ನು ಮೊದಲು ಬರೆಯಿರಿ, ಆಮೇಲೆ ಸಂದರ್ಭ, ಆಮೇಲೆ ಹೆಸರುಗಳು. ಕಂಪ್ಯೂಟರಿನ ಕಡತಗಳಿಗೂ ಅದೇ ಕ್ರಮದಲ್ಲಿ ಹೆಸರಿಡಿರಿ. ಆ ನೋಟು ಪುಸ್ತಕವನ್ನು ಓದಲು ಯಾವ ಯಂತ್ರವೂ ಬೇಡ.

ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೇ: ಬೇಸಗೆಯ ರಜೆಯಲ್ಲಿ ಮಕ್ಕಳಿಗೆ ಈ ಕೆಲಸವನ್ನು ಒಪ್ಪಿಸಿರಿ. ಕಂಪ್ಯೂಟರು ಅವರಿಗೆ ಗೊತ್ತು, ಹೆಸರುಗಳು ಅಜ್ಜಿಗೆ ಗೊತ್ತು. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತರೆ ಕೆಲಸವೂ ಆಗುವುದು, ಮಾತೂ ಬೆಳೆಯುವುದು. ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ಒಂದು ಬೇಡಿಕೆಯುಂಟು. ನಮ್ಮ ಶಾಲೆಯ ಹಳೆಯ ವಾರ್ಷಿಕೋತ್ಸವಗಳ, ನಾಟಕಗಳ, ಬೀಳ್ಕೊಡುಗೆಗಳ ಕ್ಯಾಸೆಟ್ಟು ಯಾರ ಮನೆಯಲ್ಲಿದ್ದರೂ ಪ್ರತಿ ಮಾಡಿಕೊಳ್ಳುವಷ್ಟು ದಿನ ಎರವಲು ಕೊಡಿರಿ. ನಿಮಗೆ ಜಡೆಗೆ ರಿಬ್ಬನ್ನು ಕಟ್ಟಿ ವೇದಿಕೆಗೆ ತಳ್ಳಿದ ಉಪಾಧ್ಯಾಯಿನಿಯರಲ್ಲಿ ಹಲವರು ಈಗಿಲ್ಲ; ಅವರ ನಡೆನುಡಿ ಆ ಟೇಪುಗಳಲ್ಲಿರಬಹುದು.

ಮಳೆಗಾಲವು ಪ್ರತಿವರುಷವೂ ಬರುವುದು. ಬಲ್ಲವರು ಪ್ರತಿವರುಷವೂ ಕಡಿಮೆಯಾಗುವರು. ಈ ಸಂಚಿಕೆಯನ್ನು ಮಡಿಸಿಟ್ಟ ಕೂಡಲೇ ಒಮ್ಮೆ ಎದ್ದು ಕಪಾಟನ್ನು ತೆರೆದು ನೋಡಿರಿ. ಅಲ್ಲಿ ಯಾರೋ ಒಬ್ಬರು, ಅಡಿಗೆಯವರ ಊಟವಾಯಿತೇ ಎಂದು ಕೇಳಲು ಇನ್ನೂ ಕಾದಿರಬಹುದು.